ಮೂರನೆಯ ಭಾಗಕ್ಕೆ ಕಾದಿದ್ದ ರೊಟ್ಟಿ ಕಾಕು

ಅಂಗಡಿಗೆ ಬಣ್ಣ ಹೊಡೆಸೋಣವೆಂದು ಕಳೆದ ತಿಂಗಳು ಸಾಮಾನೆಲ್ಲ ಹೊರಗೆ ಹಾಕಿಸಿದೆ. ಝೆರಾಕ್ಸ್ ಮಶೀನು ಸರಿಸಿ ಒಳಬಾಗಿಲನ್ನು ಪೂರ್ತಿ ಎಳೆದಾಗ ಅದರ ಹಿಂದಿನ ಗೋಡೆಯಲ್ಲೊಂದು ಮೊಳೆ, ಮೊಳೆಯಲ್ಲಿ ಅಂಗೈಯಗಲದ ಒಂದು ಅರಿವೆ. ಬಣ್ಣದವನು "ಇದು ಹೊರಗ ಒಗೀಲೇನ್ರಿ?" ಎಂದು ಕೈ ಹಾಕಿದ. ನಾನು ಕಸಿದುಕೊಂಡ ರೀತಿಗೆ ಅವನೇ ಒಂದು ಹೆಜ್ಜೆ ಹಿಂದೆ ಸರಿದ. ಮೂಗಿಗೆ ಹಿಡಿದೆ. ಕಲ್ಲಿನ ಪುಡಿಯ ಒಣ ವಾಸನೆ. ಅದರಡಿ ಒಲೆಯ ಹೊಗೆ, ಹಂಚಿನ ಮೇಲೆ ಸೀದ ಎಳ್ಳು... ಇಷ್ಟು ವರ್ಷದ ಮೇಲೆ ಅದೆಲ್ಲ ಉಳಿದಿರಲಿಕ್ಕಿಲ್ಲ. ನನ್ನ ಮೂಗೇ ಎಲ್ಲಿಂದಲೋ ಹುಡುಕಿ ತಂದಿರಬೇಕು.

ಆ ಅರಿವೆ ರೊಟ್ಟಿ ಕಾಕು ಕೊಟ್ಟದ್ದು.

ಕಾಕು ನಮ್ಮ ಪಕ್ಕದ ಮನೆಯವಳು. ಕಾಕು ಎಂದರೆ ಚಿಕ್ಕಮ್ಮ; ಸಂಬಂಧದಲ್ಲಿ ಏನೂ ಅಲ್ಲ, ಆದರೆ ನನ್ನ ಅರ್ಧ ಊಟವೆಲ್ಲ ಅವಳ ಮನೆಯಲ್ಲೇ ಆಗಿದೆ. ನಮ್ಮ ಶಹಾಬಾದದ ಎಷ್ಟೋ ಖಾನಾವಳಿಗಳಿಗೆ ಖಡಕ್ ರೊಟ್ಟಿ ಹೋಗುತ್ತಿದ್ದದ್ದು ಅವಳ ಒಲೆಯಿಂದ. ಬೆಳಿಗ್ಗೆ ಸುರುವಾದರೆ ಸಂಜೆ ನಾಲ್ಕರವರೆಗೆ ಅವಳ ಪಡಸಾಲೆಯಿಂದ ಪಟಪಟ ರೊಟ್ಟಿ ಬಡಿಯುವ ಸದ್ದು. ಓಣಿಯ ಕೂಸುಗಳು ಆ ಸದ್ದಿಗೇ ಮಲಗುತ್ತಿದ್ದವು. ದಿನದಲ್ಲಿ ಒಮ್ಮೆ ಮಾತ್ರ ಅದು ನಡುವೆ ನಿಲ್ಲುತ್ತಿತ್ತು. ಮಧ್ಯಾಹ್ನ ಎರಡಕ್ಕೆ.

ಎರಡಕ್ಕೆ ಊರಾಚೆಯ ಕಲ್ಲಿನ ಖಣಿಯಲ್ಲಿ ಭೋಂಗಾ ಆಗುತ್ತಿತ್ತು. ಸೈರನ್ನಿಗೆ ನಾವು ಹಾಗನ್ನುತ್ತೇವೆ. ಮೊದಲ ಭೋಂಗಾ ಆದರೆ ಕಲ್ಲು ಸೀಳಲು ಮದ್ದು ಹಾರಿಸುತ್ತಾರೆ, ಎಲ್ಲರೂ ದೂರ ಸರಿಯಬೇಕು ಎಂದರ್ಥ. ಆಮೇಲೆ ನೆಲದೊಳಗಿಂದ ಢಬ್, ಢಬ್ ಎಂದು ಸದ್ದು ಬಂದು ಗೂಡಿನಲ್ಲಿಟ್ಟ ತಂಬಿಗೆಗಳು ಅಲುಗುತ್ತಿದ್ದವು. ಅದು ನಿಂತ ಮೇಲೆ ಯಾರೋ ಒಬ್ಬ ಕೆಳಗಿಳಿದು, ತುಂಬಿದ ಮದ್ದೆಲ್ಲ ಹಾರಿದೆಯೇ ಎಂದು ನೋಡಬೇಕು. ಎಲ್ಲ ಸರಿಯಿದ್ದರೆ ಎರಡನೆಯ ಭೋಂಗಾ. ಮೊದಲನೆಯದು ಆದೊಡನೆ ಕಾಕು ಹಿಟ್ಟಿನ ಕೈಗಳನ್ನು ಹಲಗೆಯ ಮೇಲೆ ಹಾಗೇ ಇಟ್ಟು ಕೂತುಬಿಡುತ್ತಿದ್ದಳು. ಎರಡನೆಯದು ಆಗುವವರೆಗೆ ಮಾತಿಲ್ಲ, ಕತೆಯಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದು ಹೋದರೂ ಮುಟ್ಟುತ್ತಿರಲಿಲ್ಲ.

ಅವಳ ಗಂಡ ಹೋದದ್ದು ಆ ಎರಡು ಭೋಂಗಾಗಳ ನಡುವೆ. ಹಾರದೆ ಉಳಿದ ಒಂದು ಮದ್ದನ್ನು ನೋಡಲು ಇಳಿದಿದ್ದ, ಆಗ ಅದು ಹಾರಿತು. ಅವಳ ಒಬ್ಬನೇ ಮಗ ಮಲ್ಲು ಆಗ ನನ್ನ ಜೊತೆ ಎಂಟನೇ ತರಗತಿಯಲ್ಲಿದ್ದ. ದಿನಕರ್ಮ ಮುಗಿದ ದಿನ ಕಾಕು ಅವನ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡು, ಜೀವ ಇರುವತನಕ ಮದ್ದು ಮುಟ್ಟುವುದಿಲ್ಲ ಎಂದು ಆಣೆ ಮಾಡಿಸಿದಳು. ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ.

ದೊಡ್ಡವನಾದ ಮೇಲೆ ಮಲ್ಲು ಖಣಿಗೇ ಸೇರಿದ. ಲಾರಿ ತೂಗುವ ಕಾಟಾದಲ್ಲಿ ಚೀಟಿ ಬರೆಯುವ ಕೆಲಸ. "ನಮ್ಮ ಮಲ್ಲು ಪೆನ್ನು ಹಿಡ್ದು ದುಡೀತಾನ" ಎಂದು ಕಾಕು ಕಂಡಕಂಡವರಿಗೆ ಹೇಳಿದಳು. ಎರಡು ವರ್ಷಕ್ಕೆ ಕಾಟಾಕ್ಕೆ ಕಂಪ್ಯೂಟರ್ ಬಂತು. ಬೇಡವಾದ ಹುಡುಗನಿಗೆ ಮಾಲಕ ಮದ್ದಿನ ಗ್ಯಾಂಗಿನಲ್ಲಿ ಜಾಗ ತೋರಿಸಿದ. ಮಲ್ಲು ಹೋದ, ಕಲಿತ, ಬೇಗನೆ ಗ್ಯಾಂಗಿಗೆ ಮುಂದಾಳು ಆದ. ಸುಳ್ಳು ಯಾಕೆ ಹೇಳಲಿ, ಆ ಕೆಲಸ ಅವನಿಗೆ ಸೇರಿತ್ತು ಕೂಡ. ಕಲ್ಲನ್ನು ಬರೀ ಬಡಿದು ನೋಡಿ ಅದು ಎಲ್ಲಿ ಸೀಳುತ್ತದೆ ಎಂದು ಹೇಳುತ್ತಿದ್ದ.

ಮನೆಯಲ್ಲಿ ಮಾತ್ರ ಅವನು ಕಾಟಾದ ಹುಡುಗನೇ ಆಗಿ ಉಳಿದ. ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಡುತ್ತಿದ್ದ. ದಾರಿಯಲ್ಲಿ ನನ್ನ ಝೆರಾಕ್ಸ್ ಅಂಗಡಿ. ಅಲ್ಲಿ ಅದನ್ನು ಬಿಚ್ಚಿ ಬಾಗಿಲ ಹಿಂದಿನ ಮೊಳೆಗೆ ಹಾಕಿ, ಮಾಸಿದ ಅಂಗಿ ತೊಟ್ಟು ಖಣಿಗೆ ಹೋಗುತ್ತಿದ್ದ. ಸಂಜೆ ಐದೂವರೆಗೆ ಬಂದು ಹಿತ್ತಲ ನಳದಲ್ಲಿ ಮುಖ ತೊಳೆದು ಮತ್ತೆ ಇಸ್ತ್ರಿ ಅಂಗಿ. ಅವನ ಗ್ಯಾಂಗಿನವರೆಲ್ಲ ಪರವೂರಿನವರು, ನಮ್ಮ ಓಣಿಗೆ ಸುದ್ದಿ ತರುವವರಿರಲಿಲ್ಲ. ನಾನು ಇದಕ್ಕೆಲ್ಲ ಒಪ್ಪಿದ್ದೆ. ಗೆಳೆತನ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ನಮಗೆ ಅದರಲ್ಲೊಂದು ಮಜಾ ಇತ್ತು, ಯಾಕೆಂದರೆ ಆಗ ಇಬ್ಬರಿಗೂ ಒಂದು ಸಿನಿಮಾದ ಹುಚ್ಚು ಹಿಡಿದಿತ್ತು.

ಮೂರು ಭಾಗದ ಸಿನಿಮಾ. ಪರದೇಶದ್ದು, ಯಾವುದೋ ಪುಸ್ತಕದ ಕಥೆ, ಹಿಂದಿಗೆ ಡಬ್ ಆಗಿ ಬರುತ್ತಿತ್ತು. ಅದರ ಹೀರೊ ಒಂದು ಆಫೀಸಿನ ಬಡ ಗುಮಾಸ್ತ. ಎಲ್ಲಿಯಾದರೂ ಕಟ್ಟಡ ಕುಸಿಯುತ್ತಿದೆ ಎಂದು ಗೊತ್ತಾದರೆ ಬೂದು ಮುಖವಾಡ ಹಾಕಿಕೊಂಡು ಹೋಗಿ, ಒಳಗಿನ ಮಂದಿ ಹೊರಬರುವವರೆಗೆ ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಅವನ ತಾಯಿಗೆ ಇದು ಗೊತ್ತಿಲ್ಲ. ಎರಡನೆಯ ಭಾಗದ ಕೊನೆಗೆ ಗಾಯಗೊಂಡ ಹೀರೊ ಮುಖವಾಡದಲ್ಲೇ ತನ್ನ ಮನೆಯ ಹೊಸಿಲ ಮೇಲೆ ಬೀಳುತ್ತಾನೆ. ತಾಯಿ ಬಾಗಿಲು ತೆಗೆಯುತ್ತಾಳೆ. ಪಕ್ಕದಲ್ಲಿ ಕೂರುತ್ತಾಳೆ. ಅವಳ ಬೆರಳು ಮುಖವಾಡದ ಅಂಚಿಗೆ ಹೋಗುತ್ತದೆ... ಪರದೆ ಕಪ್ಪಾಗುತ್ತದೆ. ಕಲಬುರಗಿಯಲ್ಲಿ ಅದನ್ನು ನೋಡಿ ಪ್ಯಾಸೆಂಜರ್ ರೈಲಿನಲ್ಲಿ ವಾಪಸು ಬರುವಾಗಲೇ ನಮ್ಮ ಜಗಳ ಸುರುವಾಯಿತು. ಮೂರನೆಯದರಲ್ಲಿ ಏನಾಗುತ್ತದೆ?

ನಮ್ಮ ಪಂಚಾಯಿತಿ ಕೂಡುತ್ತಿದ್ದದ್ದು ಕಾಕುವಿನ ಪಡಸಾಲೆಯಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ. ನಾನು, ನನ್ನ ತಂಗಿ, ನನ್ನ ಅಂಗಡಿಯ ಪಕ್ಕದಲ್ಲಿ ಮೊಬೈಲ್ ರಿಪೇರಿ ಮಾಡುವ ಇರ್ಫಾನ್. ರವಿವಾರ ಮಲ್ಲು ಕೂಡ. ಸೇಡಂ, ಚಿತ್ತಾಪುರ, ಚಂದಾಪುರದ ಹುಚ್ಚರೆಲ್ಲ ವಾಟ್ಸಪ್ಪಿನಲ್ಲಿ ಇದ್ದರು. ನಮ್ಮೊಳಗೆ ತಂಗಿಯೇ ಖಡಕ್.

"ಹೀರೊ ಸಾಯ್ತಾನ. ಬರದಿಟ್ಕೋರಿ" ಅನ್ನುತ್ತಿದ್ದಳು. "ಒಂದನೇದ್ರಾಗ ಮನಿ ಬಿತ್ತು, ಎರಡನೇದ್ರಾಗ ಹೊಳಿ ಮ್ಯಾಲಿನ ಪೂಲು ಬಿತ್ತು, ಮೂರನೇದ್ರಾಗ ಅವನೇ ಬೀಳಬೇಕು."

"ಅರೇ, ಅವ ಸತ್ರ ಧಂದಾ ಹ್ಯಾಂಗ ನಡೀತದ? ಸಾಯಂಗಿಲ್ಲ" ಎನ್ನುವುದು ಇರ್ಫಾನನ ವಾದ. "ಸತ್ತಂಗ ಮಾಡಿ ಎದ್ದು ಬರ್ತಾನ ನೋಡು."

ಚಂದಾಪುರದ ಒಬ್ಬ ಆ ತಾಯಿಯೇ ವಿಲನ್ ಎಂದು ಬರೆದಿದ್ದ. ಅದನ್ನು ಓದಿ ಹೇಳಿದಾಗ ಕಾಕು ಸೆರಗು ಬಾಯಿಗಿಟ್ಟು ನಕ್ಕಳು. "ಅಂವ ಈ ಕಡಿ ಬಂದ್ರ ನನ್ನ ಮನ್ಯಾಗ ಒಂದು ರೊಟ್ಟೀನೂ ಇಲ್ಲ ಅನ್ರಿ."

ಕಾಕು ಸಿನಿಮಾ ನೋಡಿದವಳಲ್ಲ. ನಾವು ಹೇಳಿದ್ದನ್ನೇ ಕೇಳಿ ಕೇಳಿ ಅವಳಿಗೆ ಎರಡೂ ಭಾಗ ಬಾಯಿಪಾಠವಾಗಿದ್ದವು. ಅವಳ ಪ್ರಶ್ನೆಗಳು ಮಾತ್ರ ಬೇರೆ. ಹೀರೊ ಎಲ್ಲಿ ಉಣ್ಣುತ್ತಾನೆ, ಯಾವಾಗ ಮಲಗುತ್ತಾನೆ. ಒಂದು ದಿನ ರೊಟ್ಟಿಗೆ ನೀರು ಹಚ್ಚುತ್ತಾ, ತಲೆ ಎತ್ತದೆ ಕೇಳಿದಳು: "ಅವನ ಅರಬಿ ಯಾರು ಒಗೀತಾರ?"

ನಾವೆಲ್ಲ ನಕ್ಕೆವು.

"ನಗಬ್ಯಾಡ್ರಿ. ಅಷ್ಟು ಮಣ್ಣಾಗ, ಧೂಳಾಗ ಬಿದ್ದು ಬರ್ತಾನ. ಒಗ್ಯಾಕಿ ತಾಯೀನೇ ಇದ್ರ ಆಕಿಗಿ ಗೊತ್ತಾಗಬೇಕಲ್ಲ."

ನನ್ನ ನಗೆ ಅಲ್ಲಿಗೇ ನಿಂತಿತು. ಮಲ್ಲುವಿನ ಮಾಸಿದ ಅಂಗಿಯನ್ನು ನಾನು ನನ್ನ ಬಟ್ಟೆಯ ಜೊತೆ ಸೇರಿಸಿ ಅಗಸರ ಕಡೆ ಹಾಕುತ್ತಿದ್ದೆ. ಅಷ್ಟು ಲೆಕ್ಕಾಚಾರ ಮಾಡಿದ್ದೆವು. ಕಾಕು ಮುಂದುವರಿಸಿದಳು: "ಆ ತಾಯಿ ಮುಖವಾಡ ಎತ್ತತಾಳೋ ಇಲ್ಲೋ? ಅದು ಹೇಳ್ರಿ."

"ಎತ್ತೇ ಎತ್ತತಾಳ" ಎಂದಳು ತಂಗಿ.

ಕಾಕು ಸಿನಿಮಾದ ಮಾತಾಡುತ್ತಿದ್ದಾಳೋ ಬೇರೆಯದೋ ತಿಳಿಯಲಿಲ್ಲ. ಏನಾದರೂ ಹೇಳಿ ಆ ಬೆರಳನ್ನು ಮುಖವಾಡದಿಂದ ದೂರ ಸರಿಸಬೇಕಾಗಿತ್ತು. "ಎತ್ತಂಗಿಲ್ಲ ಕಾಕು" ಎಂದೆ. "ತಾಯಿ ತಾನಾಗಿ ಎತ್ತಿದ್ರ ಅವನ ಬಲ ಹೋಗ್ತದ. ಮುಂದ ಕಟ್ಟಡ ಬಿದ್ರ ಅದರಡಿ ಅವನೇ ಸಿಗತಾನ. ಅವನಾಗಿ ತೆಗೀಬೇಕು. ಮೂಲ ಕಥ್ಯಾಗೇ ಹಂಗ ಅದ."

ಮೂಲ ಕಥೆಯಲ್ಲಿ ಅಂಥದ್ದು ಏನೂ ಇರಲಿಲ್ಲ. ಮೂಲ ಕಥೆಯನ್ನು ನಾನು ಓದಿಯೂ ಇರಲಿಲ್ಲ. ಕೂತಲ್ಲೇ ಹೊಸೆದದ್ದು.

ಕಾಕುವಿನ ಕೈ ನಿಂತಿತು. "ಖರೇ ಇದ್ದೀತು" ಎಂದಳು. ಅವಳ ತವರು ದಂಡೋತಿ. ಕಾಗಿಣಾ ಹೊಳೆಯಲ್ಲಿ ಅವಳಪ್ಪ ದೋಣಿ ನಡೆಸುತ್ತಿದ್ದವನು. ಅವರ ಮನೆಯಲ್ಲಿ ಒಂದು ಕಟ್ಟುನಿಟ್ಟು ಇತ್ತಂತೆ. ಹೊಳೆ ಬಂದಾಗ ಯಾರಾದರೂ ಕಂಠಮಟ ನೀರಿನಲ್ಲಿ ದಾಟುತ್ತಿದ್ದರೆ ದಂಡೆಯ ಮೇಲಿನವರು ಹೆಸರು ಹಿಡಿದು ಕೂಗಬಾರದು. ಕೂಗಿದರೆ ಅವನು ಹಿಂದೆ ತಿರುಗುತ್ತಾನೆ, ತಿರುಗಿದರೆ ಕಾಲಿನ ಹಿಡಿತ ತಪ್ಪುತ್ತದೆ. "ನಮ್ಮವ್ವ ದಂಡಿ ಮ್ಯಾಲ ಬಾಯಿಗಿ ಸೆರಗು ತುರಕೊಂಡು ನಿಂದರ್ತಿದ್ಲು" ಎಂದಳು. "ಅಪ್ಪ ಈಚಿ ದಂಡಿಗಿ ಬಂದ ಮ್ಯಾಲೇ ಅಳತಿದ್ಲು." ನನ್ನ ಸುಳ್ಳು ಹೋಗಿ ಕೂತದ್ದು ಆ ಜಾಗದಲ್ಲಿ. ನಾನು ಆಗ ಪಾರಾದೆ ಎಂದುಕೊಂಡೆ.

ಬೇಸಿಗೆಯ ಸುರುವಿನಲ್ಲಿ ಒಂದು ದಿನ... ಆ ದಿನ ನನಗೆ ಇವತ್ತಿಗೂ ಬಿಡಿಬಿಡಿಯಾಗಿ ನೆನಪಿದೆ. ಊಟ ಅರ್ಧವಾಗಿತ್ತು. ಮೊದಲ ಭೋಂಗಾ ಆಯಿತು. ಕಾಕು ಕೈ ಇಳಿಸಿ ಕೂತಳು. ಢಬ್ ಢಬ್ ಎಂದು ಸದ್ದು ಬಂತು, ತಂಬಿಗೆಗಳು ಅಲುಗಿದವು, ನಿಂತವು. ತಂಗಿ ತನ್ನ ಸಿನಿಮಾದ ಗುಂಗಿನಲ್ಲೇ, "ನಾ ಹೇಳ್ತೀನಿ, ಕಡೀಕ ಎಲ್ಲರೂ ಹೊರಗ ಬಂದಿರ್ತಾರ, ಇಂವ ಒಬ್ಬನೇ ಒಳಗ ಉಳೀತಾನ" ಎನ್ನುತ್ತಿದ್ದಳು. ಎರಡನೆಯ ಭೋಂಗಾ ಆಗಲಿಲ್ಲ.

ದಿನವೂ ಅದು ಒಂದು ರೊಟ್ಟಿ ಬೇಯುವಷ್ಟರಲ್ಲಿ ಆಗುತ್ತಿತ್ತು. ಆ ದಿನ ಹಂಚಿನ ಮೇಲಿನ ರೊಟ್ಟಿ ಬೆಂದಿತು, ಕಂದಿತು, ಹೊಗೆಯಾಡತೊಡಗಿತು. ಇರ್ಫಾನ್ ತಂಗಿಯ ಕಡೆ ಕಣ್ಣು ಮಾಡಿದ, ಅವಳು ಬಾಯಿ ಮುಚ್ಚಿದಳು. ಕಾಕು ಅಲುಗಲಿಲ್ಲ. ಅವಳ ಹಣೆಯ ಮೇಲೆ ಹಿಟ್ಟು ಹತ್ತಿತ್ತು, ಅದರ ಮೇಲೆ ಬೆವರು ಇಳಿಯುತ್ತಿತ್ತು. ಕೆಳಗಿಳಿದು ನೋಡುವವನು ಆಗ ಮಲ್ಲುವೇ. ಅದು ಆ ಮನೆಯಲ್ಲಿ ನನಗೊಬ್ಬನಿಗೇ ಗೊತ್ತು ಎಂದು ನಾನು ತಿಳಿದಿದ್ದೆ. ಕೈ ತೊಳೆಯದೆ ಎದ್ದು ಮೋಟರ್‌ಸೈಕಲ್ ಹತ್ತಿದೆ. ಎಲ್ಲಿಗೆ ಎಂದು ಕಾಕು ಕೇಳಲಿಲ್ಲ.

ಆ ದಾರಿಯುದ್ದಕ್ಕೂ ನಾನು ಒಂದೇ ಮಾತು ಜಪಿಸುತ್ತಿದ್ದೆ, ಅವನಿಗೇನೂ ಆಗಿರಬಾರದು, ಆಗಿದ್ದರೆ ನಾನು ಆ ಹೆಂಗಸಿಗೆ ಮುಖ ಹೇಗೆ ತೋರಿಸಲಿ ಎಂದು. ಗೆಳೆಯನಿಗಿಂತ ನನ್ನ ಮುಖದ ಚಿಂತೆಯೇ ಮುಂದಿತ್ತು. ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಖಣಿಯ ಗೇಟಿನಲ್ಲಿ ಮಂದಿ ನಿಂತಿದ್ದರು. ಅವರ ಹಿಂದೆ ಬೇವಿನ ಗಿಡದ ನೆರಳಿಗೆ ಮಲ್ಲು ಕೂತು ನೀರು ಕುಡಿಯುತ್ತಿದ್ದ. ತಲೆಯಿಂದ ಕಾಲಿನವರೆಗೆ ಬೆಳ್ಳಗೆ ಪುಡಿ. ಒಂದು ಮದ್ದು ಹಾರದೆ ಉಳಿದಿತ್ತಂತೆ, ಇಳಿದು ಸರಿ ಮಾಡಿ ಬಂದಿದ್ದ. ಅದೇ ಹೊತ್ತಿಗೆ ಕರೆಂಟ್ ಹೋಗಿ ಭೋಂಗಾ ಆಗಿರಲಿಲ್ಲ.

"ನೀ ಯಾಕ ಬಂದಿ?" ಎಂದು ನನ್ನ ಮೇಲೇ ಸಿಟ್ಟಾದ. "ಅವ್ವಗ ಸಂಶೇ ಬರ್ತದ. ಹೋಗು."

ವಾಪಸು ಬಂದಾಗ ಪಡಸಾಲೆ ತುಂಬ ಹೊಗೆ. ಕಾಕು ಅದೇ ಭಂಗಿಯಲ್ಲಿದ್ದಳು. ನಾನು ಎಲ್ಲರಿಗೂ ಹೇಳುವಂತೆ ಹೇಳಿದೆ: "ಕರೆಂಟ್ ಹೋಗ್ಯಾದಂತ ಕಾಕು, ಅದಕ್ಕ ಭೋಂಗಾ ಆಗಿಲ್ಲ. ಎಲ್ಲಾ ಬರೋಬರಿ ಅದ."

ಅವಳು ನನ್ನ ಮುಖ ನೋಡಿದಳು. "ಕಾಟಾಕ್ಕೂ ಕರೆಂಟ್ ಇಲ್ಲೇನು?"

"ಇಲ್ಲ ಕಾಕು."

"ಹಂಗಾದ್ರ ಲಾರಿ ನಿಂತಿರಬೇಕು, ಪಾಪ" ಎಂದು ಇದ್ದಿಲಾದ ರೊಟ್ಟಿಯನ್ನು ಹಂಚಿನಿಂದ ತೆಗೆದು ಹೊರಗೆ ಎಸೆದಳು. "ಕುಂದ್ರು. ಪೂರಾ ಉಂಡಿಲ್ಲ ನೀ."

ವಾರದ ಮೇಲೆ ಅವಳು ನನ್ನ ಅಂಗಡಿಗೆ ಬಂದಳು. ಅಲ್ಲಿಯವರೆಗೆ ಒಮ್ಮೆಯೂ ಬಂದವಳಲ್ಲ. ಗಿರಾಕಿಗಳು ಹೋಗುವವರೆಗೆ ಸುಮ್ಮನೆ ನಿಂತಿದ್ದು, ಸೊಂಟದಿಂದ ಮಡಚಿದ ಒಂದು ಅರಿವೆ ತೆಗೆದು ಮೇಜಿನ ಮೇಲಿಟ್ಟಳು. ರೊಟ್ಟಿಗೆ ನೀರು ಹಚ್ಚಲು ಇಟ್ಟುಕೊಳ್ಳುವಂಥದ್ದೇ, ಹಳೆಯ ಸೀರೆಯನ್ನು ಎರಡು ಪದರು ಮಾಡಿ ಅಂಚು ಹೊಲಿದದ್ದು.

"ಸಂಜೀಕ ಅಂಗಿ ಬದಲ್ ಮಾಡೂ ಮುಂದ ಕಿವಿ ಒರಸ್ಕೋ ಅನ್ನು ಅವನಿಗಿ" ಎಂದಳು. "ಮಾರಿ ತೊಳಕೋತಾನ, ಕಿವಿ ಹಿಂದ ಎಲ್ಲಾ ಪುಡಿ ಹಂಗೇ ಇರ್ತದ. ದಿಂಬಿಗಿ ಹತ್ತತದ. ನಾ ಕೊಟ್ಟೀನಂತ ಹೇಳಬ್ಯಾಡ."

"ಎಷ್ಟು ದಿನದಿಂದ ಗೊತ್ತು ಕಾಕು?"

"ಅವರಪ್ಪನ ದಿಂಬು ಒಗದಾಕಿ ನಾ."

ಕೇಳಬಾರದಿತ್ತು, ಆದರೂ ಕೇಳಿದೆ: "ನೀ ಅವನಿಗಿ ಕೇಳಂಗಿಲ್ಲೇನು?"

"ಹ್ಯಾಂಗ ಕೇಳ್ಲಿ?" ಅವಳ ದನಿ ಇಳಿಯಿತು. "ನೀನೇ ಹೇಳಿದಿ, ತಾಯಿ ಎತ್ತಿದ್ರ ಬಲ ಹೋಗ್ತದಂತ. ನಾ ಕೇಳಿ, ಅಂವ ಮನಸ್ಸು ಕೆಡಿಸ್ಕೊಂಡು ಕೆಳಗ ಇಳದು, ಕೈ ನಡುಗಿತಂದ್ರ? ಖರೇ ಹೇಳು ತಮ್ಮಾ. ಕಥ್ಯಾಗ ಹಂಗೇ ಅದಲ್ಲ?"

ಆ ಗಳಿಗೆಗೆ ಎಷ್ಟು ಸಲ ವಾಪಸು ಹೋಗಿದ್ದೇನೋ ಲೆಕ್ಕವಿಲ್ಲ. ಅದು ನಾನು ಕಟ್ಟಿದ ಸುಳ್ಳು ಕಾಕು, ಹೋಗಿ ಅವನ ಕಿವಿ ಹಿಂಡಿ ಕೇಳು, ಎಂದು ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಹೇಳಲಿಲ್ಲ. ಹೇಳಿದರೆ ಮಲ್ಲು ಕೆಲಸ ಬಿಡಬೇಕಾಗುತ್ತಿತ್ತು, ನನ್ನ ಮೊಳೆಯ ಗುಟ್ಟು ಹೊರಬೀಳುತ್ತಿತ್ತು, ಇಬ್ಬರೂ ನನ್ನ ಮೇಲೆ ಮುನಿಯುತ್ತಿದ್ದರು. ನಾನೊಬ್ಬ ಅಂಜುಬುರುಕ. "ಖರೇ ಅದ ಕಾಕು" ಎಂದೆ. "ಅವನಾಗೇ ತೆಗೀಬೇಕು."

"ತೆಗೀತಾನಲ್ಲ, ಮೂರನೇದ್ರಾಗ?"

"ತೆಗೀತಾನ."

"ಹಂಗಾದ್ರ ಕಾಯ್ತೀನಿ" ಎಂದು ಸೆರಗು ಹೊದ್ದು ಹೋದಳು.

ಅರಿವೆಯನ್ನು ನನ್ನದೇ ಎಂಬಂತೆ ಮಲ್ಲುವಿಗೆ ಕೊಟ್ಟೆ. ಅವನು ಏನೂ ಕೇಳದೆ ದಿನವೂ ಕಿವಿ ಒರೆಸಿ ಮೊಳೆಗೆ ಹಾಕತೊಡಗಿದ. ಸಂಜೆ ಗೋಡೆಯಾಚೆಯಿಂದ ಕಾಕು ಕೇಳುವುದು ನನಗೆ ಕೇಳುತ್ತಿತ್ತು: "ಇವತ್ತ ಕಾಟಾಕ್ಕ ಎಷ್ಟು ಲಾರಿ ಬಂದ್ವು?" ಮಲ್ಲು ಬಾಯಿಗೆ ಬಂದ ಸಂಖ್ಯೆ ಹೇಳುತ್ತಿದ್ದ. ಅವಳು ಒಂದು ಗಳಿಗೆ ಬಿಟ್ಟು, "ಮತ್ತೇನು?" ಅನ್ನುತ್ತಿದ್ದಳು. ಆ 'ಮತ್ತೇನು'ವಿಗೆ ನಾನು ನಮ್ಮ ಮನೆಯಲ್ಲಿ ಕೂತು ಉಸಿರು ಹಿಡಿಯುತ್ತಿದ್ದೆ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ... "ಮತ್ತೇನಿಲ್ಲವ್ವಾ" ಅನ್ನುತ್ತಿದ್ದ. ತಟ್ಟೆ ಇಡುವ ಸದ್ದು ಬರುತ್ತಿತ್ತು.

ಸಿನಿಮಾ ಎರಡು ಸಲ ಮುಂದಕ್ಕೆ ಹೋಯಿತು. ನಮಗೆ ಅದೊಂದು ಬೇಜಾರು, ವಾಟ್ಸಪ್ಪಿನಲ್ಲಿ ಬೈಗುಳ, ಅಷ್ಟೇ. ಕಾಕು ಮಾತ್ರ ನನ್ನನ್ನು ಕಂಡಾಗಲೆಲ್ಲ "ಯಾವಾಗಂತ?" ಎಂದು ಕೇಳುತ್ತಿದ್ದಳು. ಏನು ಎಂದು ಹೇಳುತ್ತಿರಲಿಲ್ಲ, ಬರೀ "ಯಾವಾಗಂತ?". ತಂಗಿಯನ್ನು ಕೂರಿಸಿಕೊಂಡು, "ನೀ ಸಾಯ್ತಾನ ಅನಬ್ಯಾಡ ಮಗಾ, ಬ್ಯಾರೆ ಏನರೆ ಹೇಳು" ಎಂದು ಬೇಡಿಕೊಂಡದ್ದೂ ಉಂಟು. ತಂಗಿ ಅದನ್ನು ತಮಾಷೆ ಎಂದುಕೊಂಡು ಹೀರೊನಿಗೆ ಮದುವೆ ಮಾಡಿಸಿ, ಎರಡು ಮಕ್ಕಳನ್ನೂ ಕೊಟ್ಟಳು. ಕಾಕು ಆ ಕತೆಯನ್ನು ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದಳು. ಎರಡು ಗಂಟೆಗೆ ಮಾತ್ರ ಕೈ ಇಳಿಸಿ ಕೂರುವುದು ತಪ್ಪಲಿಲ್ಲ. ಒಂದೂವರೆ ವರ್ಷ, ಖಣಿಗೆ ಸೂಟಿ ಇರುವ ದಿನ ಬಿಟ್ಟು ಪ್ರತಿದಿನ.

ಶ್ರಾವಣದಲ್ಲಿ ಅವಳಿಗೆ ಎದೆನೋವು ಬಂತು. ಕಲಬುರಗಿಗೆ ಸೇರಿಸಿದರು. ಮೂರನೆಯ ದಿನ ನಾನು ರೈಲಿಗೆ ಹೋಗಿ ನೋಡಿದೆ. ಆ ಅಗಲವಾದ ಕೈಗಳು ಚಾದರದ ಮೇಲೆ ಸುಮ್ಮನೆ ಬಿದ್ದಿದ್ದವು. ಕಾಕುವಿನ ಕೈಯನ್ನು ಹಿಟ್ಟಿಲ್ಲದೆ ನಾನು ನೋಡಿದ್ದು ಅದೇ ಮೊದಲು.

"ಬಂತೇನು ಮೂರನೇದು?"

"ದೀಪಾವಳಿಗಿ ಕಾಕು. ಈ ಸಲ ಪಕ್ಕಾ."

"ಭಾಳ ತಡಾ ಮಾಡಿದ್ರು" ಎಂದಳು.

ಆ ಹೊತ್ತಿಗೆ ಮಲ್ಲು ಬಂದ. ಖಣಿಯಿಂದಲೇ ಬಂದಿದ್ದ, ನನ್ನ ಅಂಗಡಿಯಲ್ಲಿ ಅಂಗಿ ಬದಲಿಸಿ. ಬೀಗದ ಕೈ ಅವನ ಹತ್ತಿರವೂ ಒಂದಿತ್ತು. ಮಂಚದ ಅಂಚಿಗೆ ಕೂತ. ಕಾಕು ಕಷ್ಟಪಟ್ಟು ಕೈ ಎತ್ತಿ, ಬೆರಳನ್ನು ಅವನ ಕಿವಿಯ ಹಿಂದೆ ಮೆಲ್ಲಗೆ ಆಡಿಸಿದಳು. ಆಮೇಲೆ ಆ ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಚೊಕ್ಕಟವಾಗಿತ್ತು. ನನ್ನ ಕಡೆ ಒಮ್ಮೆ ನೋಡಿ ಕಣ್ಣು ಮುಚ್ಚಿದಳು. ತಾಯಿ ಮುದ್ದು ಮಾಡುತ್ತಿದ್ದಾಳೆ ಎಂದುಕೊಂಡು ಮಲ್ಲು ಆ ಕೈಯನ್ನು ಕೆನ್ನೆಗೆ ಒತ್ತಿಕೊಂಡ. ಮರುದಿನ ಬೆಳಿಗ್ಗೆ ಹೋಗಿಬಿಟ್ಟಳು.

ದೀಪಾವಳಿಗೆ ಸಿನಿಮಾ ಬಂತು. ಮಲ್ಲು ಬರುವುದಿಲ್ಲ ಎಂದಿದ್ದ, ಇರ್ಫಾನ್ ಎಳೆದು ತಂದ. ದೀಪ ಆರಿದವು. ಮೊದಲ ದೃಶ್ಯವೇ ಆ ಹೊಸಿಲು. ತಾಯಿಯ ಬೆರಳು ಮುಖವಾಡದ ಅಂಚಿಗೆ ಹೋಯಿತು. ಎತ್ತಿದಳು. ಮಗನ ಮುಖ ನೋಡಿದಳು. "ಎಷ್ಟು ಸೊರಗಿದ್ದೀಯೋ, ಬಾ ಒಳಗೆ" ಎಂದಳು. ಅಷ್ಟೇ. ಯಾವ ಬಲವೂ ಹೋಗಲಿಲ್ಲ. ಥಿಯೇಟರಿಗೆ ಥಿಯೇಟರೇ ಸಿಳ್ಳೆ ಹೊಡೆಯಿತು. ನಾನು ಮುಂದಿನ ಸೀಟಿನ ಬೆನ್ನನ್ನು ಹಿಡಿದುಕೊಂಡು ಕೂತೆ. ಮುಂದೆ ಏನಾಯಿತು, ಹೀರೊ ಉಳಿದನೇ ಸತ್ತನೇ, ನನಗೆ ನಿಜಕ್ಕೂ ನೆನಪಿಲ್ಲ.

ವಾಪಸು ಬರುವಾಗ ರೈಲು ಮರತೂರು ದಾಟಿದ ಮೇಲೆ ಮಲ್ಲು ಹೇಳಿದ: "ನಮ್ಮವ್ವಗ ಕಡೀತನ ಗೊತ್ತಾಗ್ಲಿಲ್ಲ ನೋಡು. ಗೊತ್ತಾಗಿದ್ರ ದಿನಾ ಅಂಜಿ ಅಂಜಿ ಸಾಯ್ತಿದ್ಲು. ಅದೊಂದು ಪುಣ್ಯ."

ನಾನು ಕಿಟಕಿಯ ಹೊರಗೆ ನೋಡಿದೆ.

ಆಮೇಲೆ ಅಂಗಿ ಬದಲಿಸುವ ಕಾರಣ ಉಳಿಯಲಿಲ್ಲ. ಅವನು ಪುಡಿ ಮೆತ್ತಿಕೊಂಡೇ ಮನೆಗೆ ಹೋಗತೊಡಗಿದ. ಮೊಳೆಯನ್ನು ನಾವಿಬ್ಬರೂ ಮರೆತೆವು, ಇಲ್ಲವೇ ನಾನು ಮರೆತಂತೆ ಇದ್ದೆ. ಹೀಗೆ ಏಳು ವರ್ಷ.

ಈ ವೈಶಾಖದಲ್ಲಿ ಮಲ್ಲುವಿಗೆ ಮದುವೆಯಾಯಿತು. ನಾಲವಾರದ ಹುಡುಗಿ. ಮದುವೆಯಾದೊಡನೆ ತವರಿಗೆ ಹೋಗಿ ಆಷಾಢ ಕಳೆಯುವವರೆಗೆ ಅಲ್ಲೇ ಇದ್ದವಳು ಕಳೆದ ತಿಂಗಳು ಬಂದಳು. ನಾನು ಅರಿವೆ ಹಿಡಿದು ನಿಂತಿದ್ದ ದಿನದ ಮರುದಿನವೇ ಅವನು ಅಂಗಡಿಗೆ ಬಂದ. ಕೈಯಲ್ಲಿ ಮಡಿಕೆ ಮುರಿಯದ ಇಸ್ತ್ರಿ ಅಂಗಿ.

"ಆ ಮೊಳಿ ಕಿತ್ತಿದೇನು? ಇಲ್ಲಲ್ಲ?" ಎಂದು ನಕ್ಕ. "ಆಕಿಗಿ ಕಾಟಾದಾಗ ಅದೀನಂತ ಹೇಳೀನಿ. ಭಾಳ ಅಂಜತಾಳ. ಸುಮ್ನ ಯಾಕ?"

ನಾನು ಡ್ರಾವರ್ ಎಳೆದು ಅರಿವೆ ತೆಗೆದು ಅವನ ಮುಂದಿಟ್ಟೆ. "ಇದು ನಂದಲ್ಲ" ಎಂದೆ. "ನಿಮ್ಮವ್ವ ತಂದು ಕೊಟ್ಟಿದ್ದು. ನಿನ್ನ ಕಿವಿ ಒರಸಾಕ." ಆಮೇಲೆ ನಿಲ್ಲಿಸಲಾಗಲಿಲ್ಲ. ದಿಂಬಿನ ಮಾತು, ನಾನು ಹೊಸೆದ ಸುಳ್ಳು, ದಂಡೋತಿಯ ಹೊಳೆ, ಆಸ್ಪತ್ರೆಯಲ್ಲಿ ಬೆಳಕಿಗೆ ಹಿಡಿದ ಬೆರಳು, ಎಲ್ಲ ಹೇಳಿದೆ. ಅವನು ಅರಿವೆಯನ್ನು ಬಿಡಿಸಿ, ಅಂಚಿನ ಹೊಲಿಗೆಯನ್ನು ಹೆಬ್ಬೆರಳಿನಿಂದ ತಿಕ್ಕುತ್ತ ನಿಂತ. ತಾಯಿಯ ಕೈಯ ಹೊಲಿಗೆ ಅವನಿಗೆ ಗೊತ್ತು. ಒಂದೂವರೆ ವರ್ಷ ದಿನವೂ ಮುಟ್ಟಿದ್ದ, ನೋಡಿರಲಿಲ್ಲ.

"ಏಳು ವರ್ಷ" ಎಂದ. "ಏಳು ವರ್ಷ ನಿನಗ ಬಾಯಿ ಇರ್ಲಿಲ್ಲೇನೋ?"

ಅವನು ಅರಿವೆಯನ್ನು ಜೇಬಿಗಿಟ್ಟುಕೊಂಡು ಹೋದ. ಅಂಗಿ ಮೇಜಿನ ಮೇಲೇ ಉಳಿಯಿತು.

ಸಂಜೆ ಐದೂವರೆಗೆ ಅವನು ಅಂಗಡಿಯ ಮುಂದೆ ಹಾದು ಹೋದ. ತಲೆ, ಹೆಗಲು, ಕಿವಿ ಎಲ್ಲ ಬೆಳ್ಳಗೆ. ನಿಲ್ಲಲಿಲ್ಲ, ನನ್ನ ಕಡೆ ನೋಡಲಿಲ್ಲ, ನೆಟ್ಟಗೆ ಮನೆಯ ದಾರಿ ಹಿಡಿದ. ಬಾಗಿಲು ತೆಗೆದವಳು ಏನೆಂದಳೋ ನನಗೆ ಗೊತ್ತಿಲ್ಲ. ಊಹಿಸಲು ಹೋಗಲಿಲ್ಲ. ನನ್ನ ಊಹೆಗಳಿಂದ ಆದದ್ದು ಸಾಕು. ಅಂದಿನಿಂದ ಮಲ್ಲು ನನ್ನ ಜೊತೆ ಮಾತಾಡಿಲ್ಲ. ಕಾಕು ಇದ್ದಿದ್ದರೆ ಓಡಿಹೋಗಿ ಹೇಳುತ್ತಿದ್ದೆ, ನಿನ್ನ ಮಗ ಮುಖವಾಡ ತೆಗೆದ ಕಾಕು, ತಡವಾಗಿಯಾದರೂ ತಾನಾಗಿಯೇ ತೆಗೆದ ಎಂದು. ಕೇಳಬೇಕಾದವಳು ಇಲ್ಲ.

ಮರುದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಿದ್ದೆ. ಪಕ್ಕದ ಮನೆಯಿಂದ ಪಟಪಟ ಸದ್ದು ಬರುತ್ತಿತ್ತು. ಹೊಸ ಹುಡುಗಿ ರೊಟ್ಟಿ ಬಡಿಯುತ್ತಿದ್ದಳು, ಕೈ ಇನ್ನೂ ಅಷ್ಟು ಪಳಗಿಲ್ಲ. ಎರಡಕ್ಕೆ ಮೊದಲ ಭೋಂಗಾ ಆಯಿತು. ರೊಟ್ಟಿ ಬಡಿಯುವ ಸದ್ದು ನಿಂತಿತು.

ಎರಡನೆಯದು ಆಗುವವರೆಗೆ ನಾನೂ ತುತ್ತು ಎತ್ತಲಿಲ್ಲ.